82 ಕಿಲೋದಿಂದ ಅಗ್ನಿವೀರ್ ಪಟ್ಟಿಯವರೆಗೆ: ತೂಕ, ಓಟ, ಕಾಗದಪತ್ರ

ಸೇನೆಯ ನಾಲ್ಕು ವರ್ಷದ ಅಗ್ನಿವೀರ್ ನೇಮಕಾತಿಯಲ್ಲಿ ಜನರಲ್ ಡ್ಯೂಟಿ, ಅಂದರೆ ಸಾಮಾನ್ಯ ಸೈನಿಕ ಹುದ್ದೆಯ ಅಂತಿಮ ಪಟ್ಟಿ ಬಂದಿದೆ, ಅದರಲ್ಲಿ ನನ್ನ ರೋಲ್ ನಂಬರ್ ಇದೆ. ತರಬೇತಿ ಕೇಂದ್ರಕ್ಕೆ ಹೊರಡುವ ದಿನ ಹತ್ತಿರವಾಗುತ್ತಿದೆ. ಈಗ ನಮ್ಮ ತಾಲ್ಲೂಕಿನ ಹುಡುಗರು, ಅದರಲ್ಲೂ ಸ್ವಲ್ಪ ಮೈ ತುಂಬಿಕೊಂಡವರು, ಮನೆ ಹುಡುಕಿಕೊಂಡು ಬಂದು ಒಂದೇ ಪ್ರಶ್ನೆ ಕೇಳುತ್ತಾರೆ: ‘ಅಣ್ಣಾ, ತೂಕ ಹೇಗೆ ಇಳಿಸಿದೆ?’ ಎಷ್ಟು ದಿನ ಬೇಕು, ಅನ್ನ ಪೂರ್ತಿ ಬಿಡಬೇಕೇ, ಅಂಗಡಿಯಲ್ಲಿ ಸಿಗುವ ಪುಡಿ ಕುಡಿಯಬೇಕೇ ಎಂದು ಕೇಳುತ್ತಾರೆ. ಕಾಗದಪತ್ರದ ಬಗ್ಗೆ, ವೈದ್ಯಕೀಯ ಪರೀಕ್ಷೆಯ ಬಗ್ಗೆ ಕೇಳುವವರು ಕಡಿಮೆ. ನಾನು ಹೆಚ್ಚು ಒದ್ದಾಡಿದ್ದು ಅಲ್ಲಿಯೇ. ಆದ್ದರಿಂದ ಎಲ್ಲವನ್ನೂ ನಡೆದ ಕ್ರಮದಲ್ಲಿ ಬರೆದಿಡುತ್ತಿದ್ದೇನೆ.

ಒಂದು ಮಾತನ್ನು ಮೊದಲೇ ಹೇಳುತ್ತೇನೆ. ಸೇನೆಗೆ ಸೇರುವವರು ತೂಕ ಇಳಿಸುವುದೇ ಬೇರೆ, ಮದುವೆಗೋ ಫೋಟೊಕ್ಕೋ ಇಳಿಸುವುದೇ ಬೇರೆ. ಮೈದಾನದಲ್ಲಿ ನಿಮ್ಮ ತೂಕವನ್ನಷ್ಟೇ ನೋಡುವುದಿಲ್ಲ. ಓಟ, ಬೀಮ್ (ಅಡ್ಡ ಸರಳಿಗೆ ಜೋತುಬಿದ್ದು ಮೈಯನ್ನು ಮೇಲೆತ್ತುವುದು), ಎದೆಯ ಹಿಗ್ಗುವಿಕೆ ಎಲ್ಲವನ್ನೂ ಅಳೆಯುತ್ತಾರೆ. ಉಪವಾಸ ಬಿದ್ದು ಹತ್ತು ಕಿಲೋ ಇಳಿಸಿದವನ ತೋಳಿನಲ್ಲಿ ಬೀಮ್ ಹಿಡಿಯುವ ಶಕ್ತಿ ಉಳಿದಿರುವುದಿಲ್ಲ. ಕೊಬ್ಬು ಹೋಗಬೇಕು, ಬಲ ಉಳಿಯಬೇಕು. ಅದಕ್ಕೆ ಅವಸರ ಆಗದು.

ಶುರುವಿನಲ್ಲಿ ನನ್ನ ಎತ್ತರ 170 ಸೆಂ.ಮೀ., ತೂಕ 82 ಕಿಲೋ. ಪಿಯುಸಿ ಮುಗಿದ ಮೇಲೆ ನಮ್ಮ ಹಾವೇರಿ ಜಿಲ್ಲೆಯಲ್ಲೇ ಗೊಬ್ಬರದ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದ್ದೆ. ಬೆಳಿಗ್ಗೆಯಿಂದ ರಾತ್ರಿಯವರೆಗೆ ಕುರ್ಚಿ, ಗಂಟೆಗೊಂದು ಸಕ್ಕರೆ ಚಹಾ, ಸಂಜೆ ಮಿರ್ಚಿ ಮತ್ತು ಗಿರ್ಮಿಟ್. ಸೇನೆಯ ಆಸೆ ಹೈಸ್ಕೂಲಿನಿಂದಲೇ ಇತ್ತು. ಅಧಿಸೂಚನೆಯನ್ನು ಓದಿದಾಗ ನನ್ನ ದೇಹ ಅದರಿಂದ ಎಷ್ಟು ದೂರದಲ್ಲಿದೆ ಎಂಬುದು ಅಂಕಿಗಳಲ್ಲಿ ಕಂಡಿತು. ಕರ್ನಾಟಕದವರಿಗೆ ಜನರಲ್ ಡ್ಯೂಟಿಗೆ ಎತ್ತರ 166 ಸೆಂ.ಮೀ., ಎದೆ 77 ಸೆಂ.ಮೀ., ಉಸಿರೆಳೆದಾಗ ಕನಿಷ್ಠ 5 ಸೆಂ.ಮೀ. ಹಿಗ್ಗಬೇಕು. ತೂಕ ಎತ್ತರಕ್ಕೂ ವಯಸ್ಸಿಗೂ ತಕ್ಕಂತೆ ಇರಬೇಕು. ನನ್ನ ಎತ್ತರಕ್ಕೆ ಅರವತ್ತೈದರ ಆಸುಪಾಸಿಗೆ ಇಳಿಯಲೇಬೇಕಿತ್ತು. 1.6 ಕಿ.ಮೀ. ಓಟವನ್ನು 5 ನಿಮಿಷ 30 ಸೆಕೆಂಡಿನೊಳಗೆ ಮುಗಿಸಿದರೆ ಪೂರ್ತಿ 60 ಅಂಕ, 5:31ರಿಂದ 5:45ರೊಳಗೆ ಮುಗಿಸಿದರೆ 48. ಬೀಮ್ ಮೇಲೆ ಹತ್ತು ಪುಲ್‌ಅಪ್ ಹೊಡೆದರೆ 40 ಅಂಕ, ಆರು ಹೊಡೆದರೆ 16, ಆರಕ್ಕಿಂತ ಕಡಿಮೆಯಾದರೆ ಮನೆಗೆ. 9 ಅಡಿ ಹಳ್ಳ ಜಿಗಿಯುವುದು ಮತ್ತು ಅಂಕುಡೊಂಕು ಹಲಗೆಯ ಮೇಲೆ ಸಮತೋಲನದಿಂದ ನಡೆಯುವುದು, ಇವೆರಡಕ್ಕೆ ಅಂಕವಿಲ್ಲ, ಪಾಸಾದರೆ ಸಾಕು.

ಆಗ ನನ್ನಿಂದ ಒಂದು ಪುಲ್‌ಅಪ್ ಕೂಡ ಆಗುತ್ತಿರಲಿಲ್ಲ.

ನಮ್ಮೂರ ಹೈಸ್ಕೂಲ್ ಮೈದಾನದಲ್ಲಿ ನಿವೃತ್ತ ಸುಬೇದಾರರೊಬ್ಬರು ಬೆಳಗಿನ ಜಾವ ಹುಡುಗರನ್ನು ಓಡಿಸುತ್ತಾರೆ. ದುಡ್ಡು ತೆಗೆದುಕೊಳ್ಳುವುದಿಲ್ಲ. ಸಮಯಕ್ಕೆ ಬರದವರನ್ನು ಸೇರಿಸಿಕೊಳ್ಳುವುದೂ ಇಲ್ಲ. ದೀಪಾವಳಿ ಕಳೆದ ಮೇಲೆ ನಾನು ಹೋಗಿ ನಿಂತಾಗ ಅವರು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ‘ತಮ್ಮಾ, ನೀನು ಈಗಲೇ ಓಡಬೇಡ. ಮೊದಲು ನಡೆ’ ಎಂದರು. ಉಳಿದವರು ಸುತ್ತು ಹೊಡೆಯುತ್ತಿದ್ದರೆ ನಾನು ಮೈದಾನದ ಅಂಚಿನಲ್ಲಿ ಬಿರುಸಾಗಿ ನಡೆಯುತ್ತಿದ್ದೆ. ನಾಚಿಕೆಯಾಗುತ್ತಿತ್ತು. ಅವರು ಹೇಳಿದ ಕಾರಣ ಆಮೇಲೆ ಅರ್ಥವಾಯಿತು: ಭಾರದ ದೇಹವನ್ನು ಹೊತ್ತು ಒಮ್ಮೆಲೇ ಓಡಲು ಶುರುಮಾಡಿದರೆ ಮೊದಲು ಸೋಲುವುದು ಮೊಣಕಾಲು ಮತ್ತು ಅದರ ಕೆಳಗಿನ ಮುಂಗಾಲ ಎಲುಬು. ಅಲ್ಲಿ ಪೆಟ್ಟಾದರೆ ವಾರಗಟ್ಟಲೆ ಮನೆಯಲ್ಲಿ ಕೂರಬೇಕು.

ನಡಿಗೆಯ ಮೇಲೆ ಎರಡು ನಿಮಿಷದ ಓಟ, ಆಮೇಲೆ ನಡಿಗೆ, ಮತ್ತೆ ಓಟ, ಹೀಗೆ ಸಂಕ್ರಾಂತಿಯ ಹೊತ್ತಿಗೆ ನಿಲ್ಲದೆ ಓಡುವಷ್ಟಾದೆ. ವೇಗದ ಮಾತೇ ಇರಲಿಲ್ಲ. ಪಕ್ಕದವನ ಜೊತೆ ಮಾತಾಡಲು ಸಾಧ್ಯವಾಗುವಷ್ಟು ನಿಧಾನವಾಗಿ ಓಡಬೇಕು ಎನ್ನುವುದು ಸುಬೇದಾರರ ಅಳತೆ. ನಿಮ್ಮಲ್ಲಿ ಹೆಚ್ಚು ತೂಕ ಇರುವವರಿಗೆ ನಾನು ಹೇಳುವುದೂ ಇದನ್ನೇ: ಸಮಯ ಇದ್ದರೆ ಮೊದಲ ಎರಡು ತಿಂಗಳು ಗಡಿಯಾರ ನೋಡಲೇಬೇಡಿ.

ಊಟದ ವಿಷಯ ಮನೆಯಲ್ಲಿ ದೊಡ್ಡ ರಗಳೆಯಾಯಿತು. ನಾನು ಬಿಟ್ಟದ್ದು ಮೂರೇ: ಸಂಜೆಯ ಕರಿದ ತಿಂಡಿ, ಚಹಾದ ಸಕ್ಕರೆ, ರಾತ್ರಿ ಎರಡನೆಯ ಸಲ ಬಡಿಸಿಕೊಳ್ಳುವ ಅನ್ನ. ಜೋಳದ ರೊಟ್ಟಿ, ಪಲ್ಯ, ಬೇಳೆ, ಮೊಸರು ಎಲ್ಲವೂ ಹಾಗೆಯೇ ಇದ್ದವು. ಮೊಳಕೆ ಹೆಸರುಕಾಳು ಮತ್ತು ಬೇಯಿಸಿದ ಮೊಟ್ಟೆಗಳನ್ನು ಸೇರಿಸಿಕೊಂಡೆ. ಆದರೂ ಅವ್ವನಿಗೆ ಮಗ ಉಪವಾಸ ಇದ್ದಾನೆ ಎಂದೇ ಕಾಣುತ್ತಿತ್ತು. ಒಂದು ರಾತ್ರಿ ತಾಟಿನ ಮುಂದೆ ಕೂತು ಕಣ್ಣೀರು ಹಾಕಿದಳು. ‘ಸೈನ್ಯಕ್ಕೆ ಹೋಗುವವನಿಗೆ ಹೊಟ್ಟೆಗೆ ಹಾಕಬಾರದೆಂದು ಯಾರು ಹೇಳಿದರು?’ ಎಂದಳು. ಅವಳಿಗೆ ಲೆಕ್ಕ ಹೇಳಿ ಒಪ್ಪಿಸುವುದು ಸುಲಭವಾಗಿರಲಿಲ್ಲ. ಕೊನೆಗೆ ಅವಳಿಗೇ ಕೆಲಸ ಒಪ್ಪಿಸಿದೆ: ದಿನಾ ಕಾಳು ನೆನೆಹಾಕುವುದು, ಶೇಂಗಾ ಚಟ್ನಿಯನ್ನು ಅಳತೆಯಿಂದ ಬಡಿಸುವುದು, ಮಜ್ಜಿಗೆ ಕಡೆದು ಕೊಡುವುದು. ಆಮೇಲೆ ಅವಳ ಸಂಕಟ ಕಡಿಮೆಯಾಯಿತು. ಮನೆಯವರ ವಿರುದ್ಧ ನಿಂತು ತೂಕ ಇಳಿಸುವುದು ಬಹಳ ಕಷ್ಟ, ಅವರನ್ನು ಜೊತೆಗೆ ಸೇರಿಸಿಕೊಳ್ಳಿ.

ಲೆಕ್ಕ ಹೀಗಿದೆ. ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇರುತ್ತದೆ. ದಿನಕ್ಕೆ 500 ಕ್ಯಾಲೊರಿ ಕಡಿಮೆಯಾದರೆ ವಾರಕ್ಕೆ ಹತ್ತಿರಹತ್ತಿರ ಅರ್ಧ ಕಿಲೋ ಇಳಿಯುತ್ತದೆ. ಮೊದಲ ವಾರಗಳಲ್ಲಿ ಇದಕ್ಕಿಂತ ಬೇಗ ಇಳಿದಂತೆ ಕಾಣುತ್ತದೆ, ಅದರಲ್ಲಿ ಬಹುಪಾಲು ನೀರು. ಆ ವೇಗವೇ ಮುಂದೆಯೂ ಇರುತ್ತದೆ ಎಂದು ನಂಬಿದರೆ ನಿರಾಶೆ ಖಂಡಿತ. ನನ್ನ ತೂಕ 73ಕ್ಕೆ ಬಂದು ವಾರಗಟ್ಟಲೆ ಅಲ್ಲಿಯೇ ನಿಂತಿತು. ಬೆಳಿಗ್ಗೆ ಎದ್ದು ತೂಕದ ಯಂತ್ರದ ಮೇಲೆ ನಿಲ್ಲುವುದೇ ಬೇಡವೆನಿಸುತ್ತಿತ್ತು. ಸುಬೇದಾರರು ತೂಕ ಬಿಟ್ಟು ಸೊಂಟಕ್ಕೆ ಟೇಪು ಹಿಡಿಯಲು ಹೇಳಿದರು. ತೂಕ ನಿಂತಿದ್ದರೂ ಸೊಂಟ ಇಳಿಯುತ್ತಲೇ ಇತ್ತು. ಕಾಲು ಮತ್ತು ತೋಳಿನಲ್ಲಿ ಸ್ನಾಯು ಕಟ್ಟುತ್ತಿರುವಾಗ ಹೀಗಾಗುತ್ತದೆ. ಆಮೇಲೆ ತೂಕವೂ ಇಳಿಯಿತು.

ಅದೇ ಹೊತ್ತಿಗೆ ಮೈದಾನಕ್ಕೆ ಬರುತ್ತಿದ್ದ ಇನ್ನೊಬ್ಬ ಹುಡುಗ ಪ್ಲಾಸ್ಟಿಕ್ ಅಂಗಿ ತೊಟ್ಟು ಬಿಸಿಲಿನಲ್ಲಿ ಓಡುತ್ತಿದ್ದ, ರಾತ್ರಿ ಬರೀ ಗಂಜಿ. ನನಗಿಂತ ಎಷ್ಟೋ ಬೇಗ ಇಳಿದ. ಆದರೆ ಎಂಟು ಪುಲ್‌ಅಪ್ ಹೊಡೆಯುತ್ತಿದ್ದವನು ನಾಲ್ಕಕ್ಕೆ ಬಂದ, ಒಂದು ದಿನ ಎರಡನೆಯ ಸುತ್ತಿನಲ್ಲೇ ತಲೆಸುತ್ತಿ ಕೂತ. ಬೆವರಿನಲ್ಲಿ ಹೋಗುವುದು ನೀರು, ಒಂದು ತಂಬಿಗೆ ನೀರು ಕುಡಿದರೆ ವಾಪಸು ಬರುತ್ತದೆ. ದಯವಿಟ್ಟು ಯಾರೂ ಇದನ್ನು ಮಾಡಬೇಡಿ, ಬೇಸಿಗೆಯಲ್ಲಂತೂ ಪ್ರಾಣಕ್ಕೇ ಅಪಾಯ. ಹಾಗೆಯೇ ದಮ್ಮು ಹೆಚ್ಚಿಸುವ ಗುಳಿಗೆ, ಇಂಜೆಕ್ಷನ್ ಎಂದು ಕಿವಿಯಲ್ಲಿ ಉಸುರುವವರು ಇರುತ್ತಾರೆ. ಅವರ ಹತ್ತಿರವೂ ಸುಳಿಯಬೇಡಿ. ನೇಮಕಾತಿಯಲ್ಲಿ ಉತ್ತೇಜಕ ಮದ್ದು ತೆಗೆದುಕೊಳ್ಳುವುದು ನಿಷಿದ್ಧ, ಸಿಕ್ಕಿಬಿದ್ದರೆ ಎಲ್ಲವೂ ಅಲ್ಲಿಗೇ ಮುಗಿಯುತ್ತದೆ.

ಖರ್ಚಿನ ವಿಷಯಕ್ಕೆ ಬಂದರೆ, ನಾನು ಧಾರಾಳವಾಗಿ ಕೈಬಿಚ್ಚಿದ್ದು ಶೂಗೆ ಮಾತ್ರ, ಸುಮಾರು ಎರಡೂವರೆ ಸಾವಿರ ರೂಪಾಯಿ. ಮೊಟ್ಟೆ ಮತ್ತು ಕಾಳಿನ ಖರ್ಚು ಮಿರ್ಚಿ, ಚಹಾಕ್ಕೆ ಹಾಕುತ್ತಿದ್ದ ದುಡ್ಡಿನಲ್ಲೇ ಸರಿಹೋಯಿತು. ಡಬ್ಬಿಯ ಪ್ರೋಟೀನ್ ಪುಡಿ ಬೇಕಾಗಲಿಲ್ಲ. ಊಟ, ವಸತಿ ಸೇರಿಸಿ ತಿಂಗಳಿಗೆ ಸಾವಿರಾರು ರೂಪಾಯಿ ತೆಗೆದುಕೊಳ್ಳುವ ತರಬೇತಿ ಅಕಾಡೆಮಿಗಳಿವೆ. ಒಂದಕ್ಕೆ ಹೋಗಿ ವಿಚಾರಿಸಿದ್ದೆ. ‘ಆಯ್ಕೆ ಗ್ಯಾರಂಟಿ’ ಎಂದು ಹೇಳಿದರು. ಗ್ಯಾರಂಟಿ ಕೊಡುವ ಅಧಿಕಾರ ಹೊರಗಿನ ಯಾರಿಗೂ ಇಲ್ಲ ಎಂದು ಅಪ್ಪ ಅಲ್ಲಿಂದಲೇ ನನ್ನನ್ನು ಎಬ್ಬಿಸಿಕೊಂಡು ಬಂದರು. ಊರಿನಲ್ಲಿ ಮೈದಾನ, ಒಂದು ಗಟ್ಟಿ ಕಬ್ಬಿಣದ ಸರಳು, ತಿಳಿದ ಒಬ್ಬ ಹಿರಿಯರು ಇದ್ದರೆ ಮನೆಯಿಂದಲೇ ಆಗುತ್ತದೆ.

ಬೀಮ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಭಾರದ ಹುಡುಗರು ಬಿಟ್ಟುಕೊಡುವುದು ಇಲ್ಲಿಯೇ. ಮೊದಲು ಬರೀ ಜೋತು ಬೀಳುವುದು, ಹಿಡಿತ ಸೋಲುವವರೆಗೆ. ಆಮೇಲೆ ಸ್ಟೂಲ್ ಮೇಲೆ ನಿಂತು ಗಲ್ಲವನ್ನು ಸರಳಿನ ಮೇಲೆ ತಂದು, ಅಲ್ಲಿಂದ ಎಷ್ಟು ನಿಧಾನವಾಗಿ ಸಾಧ್ಯವೋ ಅಷ್ಟು ನಿಧಾನವಾಗಿ ಕೆಳಗಿಳಿಯುವುದು. ಮೇಲೇರುವ ಶಕ್ತಿ ಬರುವ ಮುಂಚೆ ಇಳಿಯುವ ಶಕ್ತಿ ಬರುತ್ತದೆ. ಜೊತೆಗೆ ತೂಕ ಇಳಿಯುತ್ತಿರುವುದರಿಂದ ಎತ್ತಬೇಕಾದ ಭಾರವೂ ಕಡಿಮೆಯಾಗುತ್ತಾ ಬರುತ್ತದೆ. ನನ್ನ ಮೊದಲ ಪುಲ್‌ಅಪ್ ಆದ ದಿನ ಮೈದಾನದ ಹುಡುಗರೆಲ್ಲ ಚಪ್ಪಾಳೆ ತಟ್ಟಿದರು. ಆ ದಿನದ ಸಂತೋಷ ಅಂತಿಮ ಪಟ್ಟಿ ನೋಡಿದ ದಿನಕ್ಕಿಂತ ಕಡಿಮೆ ಇರಲಿಲ್ಲ. ಕೈ ಪೂರ್ತಿ ನೀಡಿ, ಕಾಲು ಬೀಸದೆ, ಗಲ್ಲ ಸರಳಿನ ಮೇಲೆ ಬರುವಂತೆಯೇ ಅಭ್ಯಾಸ ಮಾಡಿ. ಅರ್ಧಂಬರ್ಧ ಎಳೆದದ್ದನ್ನು ಅಲ್ಲಿ ಎಣಿಸುವುದೇ ಇಲ್ಲ.

ವೇಗದ ಅಭ್ಯಾಸ ಶುರುವಾದ ಮೇಲೆ ಮುಂಗಾಲ ಎಲುಬಿನಲ್ಲಿ ನೋವು ಕಾಣಿಸಿತು. ಬೆರಳಿನಿಂದ ಒತ್ತಿದರೆ ಜೀವ ಹೋಗುವಂಥ ನೋವು. ತಾಲ್ಲೂಕು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದು, ಎಲುಬು ಬಿರಿದಿಲ್ಲ, ಆದರೆ ಓಟ ನಿಲ್ಲಿಸು ಎಂದರು. ಅಪ್ಪನ ಹಳೆಯ ಸೈಕಲ್ ತೆಗೆದೆ. ಹೊಲದ ದಾರಿಯಲ್ಲಿ ದಿನಾ ಸೈಕಲ್ ತುಳಿದೆ. ನೋವು ಪೂರ್ತಿ ಹೋದ ಮೇಲೆಯೇ ಮತ್ತೆ ಮಣ್ಣಿನ ನೆಲದಲ್ಲಿ ನಿಧಾನವಾಗಿ ಶುರುಮಾಡಿದೆ. ಡಾಂಬರು ರಸ್ತೆಯಲ್ಲಿ ಓಡುವುದನ್ನು ಆಮೇಲೆ ಬಿಟ್ಟೇಬಿಟ್ಟೆ. ಆ ವಾರಗಳಲ್ಲಿ ಎಲ್ಲ ಮುಗಿಯಿತು ಎಂದೇ ಅನಿಸಿತ್ತು. ಆದರೆ ದಮ್ಮು ಅಷ್ಟು ಬೇಗ ಇಳಿಯುವುದಿಲ್ಲ, ಸೈಕಲ್ಲೇ ಅದನ್ನು ಕಾಪಾಡಿತು.

400 ಮೀಟರಿನ ಟ್ರ್ಯಾಕ್‌ನಲ್ಲಿ 1.6 ಕಿ.ಮೀ. ಎಂದರೆ ನಾಲ್ಕು ಸುತ್ತು. ಐದೂವರೆ ನಿಮಿಷಕ್ಕೆ ಮುಗಿಯಬೇಕಾದರೆ ಪ್ರತಿ ಸುತ್ತಿಗೆ 82.5 ಸೆಕೆಂಡು ಸಿಗುತ್ತದೆ. ನಾವು ಒಂದು ಸುತ್ತನ್ನು 80 ಸೆಕೆಂಡಿನೊಳಗೆ ಓಡಿ, ಎರಡು ನಿಮಿಷ ನಡೆದು, ಮತ್ತೆ ಓಡುವ ಅಭ್ಯಾಸ ಮಾಡುತ್ತಿದ್ದೆವು. ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು ಸುಬೇದಾರರು ಬಿಡುತ್ತಿರಲಿಲ್ಲ. ಉಳಿದ ದಿನ ನಿಧಾನದ ಓಟ, ಒಂದು ದಿನ ಪೂರ್ತಿ ವಿಶ್ರಾಂತಿ.

ಅರ್ಜಿ ಮತ್ತು ಪರೀಕ್ಷೆಯನ್ನು ಬೇಗ ಮುಗಿಸುತ್ತೇನೆ. 2023ರಿಂದ ಮೊದಲು ಆನ್‌ಲೈನ್ ಲಿಖಿತ ಪರೀಕ್ಷೆ, ಅದರಲ್ಲಿ ಪಾಸಾದವರಿಗೆ ಮಾತ್ರ ಮೈದಾನದ ದೈಹಿಕ ಪರೀಕ್ಷೆ, ಅಂದರೆ ರ‍್ಯಾಲಿ. ಅರ್ಜಿಯನ್ನು ಸೇನೆಯ ಅಧಿಕೃತ ಜಾಲತಾಣದಲ್ಲೇ ಹಾಕಬೇಕು, ನಾನು ಕಟ್ಟಿದ ಶುಲ್ಕ 250 ರೂಪಾಯಿ. ಜನರಲ್ ಡ್ಯೂಟಿಗೆ ಹತ್ತನೆಯ ತರಗತಿಯಲ್ಲಿ ಒಟ್ಟು ಶೇ 45, ಪ್ರತಿ ವಿಷಯದಲ್ಲಿ ಶೇ 33 ಇರಬೇಕು. ಪ್ರಶ್ನೆ 50, ಅಂಕ 100, ಸಮಯ ಒಂದು ಗಂಟೆ, ತಪ್ಪು ಉತ್ತರಕ್ಕೆ ಅಂಕ ಕಡಿತವಿದೆ. ಕರ್ನಾಟಕದಲ್ಲಿ ಬೆಂಗಳೂರು, ಮಂಗಳೂರು, ಬೆಳಗಾವಿಗಳಲ್ಲಿ ಸೇನಾ ನೇಮಕಾತಿ ಕಚೇರಿಗಳಿವೆ. ನಿಮ್ಮ ಜಿಲ್ಲೆ ಯಾವುದಕ್ಕೆ ಸೇರಿದೆ ಎಂಬುದನ್ನು ಅಧಿಸೂಚನೆಯಲ್ಲೇ ನೋಡಿ, ವಯಸ್ಸಿನ ಮಿತಿಯನ್ನೂ ಆ ವರ್ಷದ ಅಧಿಸೂಚನೆಯಲ್ಲೇ ನೋಡಿ. ಓಟದ ದಣಿವಿನಲ್ಲಿ ರಾತ್ರಿ ಓದಲು ಆಗುತ್ತಿರಲಿಲ್ಲ. ಅಂಗಡಿಯ ಮಾಲೀಕರು ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಓದಲು ಬಿಟ್ಟರು. ಆ ಉಪಕಾರವನ್ನು ಮರೆಯಲಾರೆ.

ಕಾಗದಪತ್ರದ ಕಥೆ ಮಾತ್ರ ಬೇಗ ಮುಗಿಯುವುದಲ್ಲ. ನನ್ನ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಒಂದು ಇನಿಷಿಯಲ್ ಇತ್ತು. ಆಧಾರ್‌ನಲ್ಲಿ ಅಪ್ಪನ ಹೆಸರೂ ಮನೆತನದ ಹೆಸರೂ ಪೂರ್ತಿ ಇದ್ದವು. ನಮ್ಮ ಕಡೆ ಇದು ಮನೆಮನೆಯ ಸಮಸ್ಯೆ. ಸೇನೆಗೆ ಎಲ್ಲ ದಾಖಲೆಗಳಲ್ಲೂ ಹೆಸರು, ತಂದೆತಾಯಿಯ ಹೆಸರು, ಹುಟ್ಟಿದ ದಿನಾಂಕ ಅಂಕಪಟ್ಟಿಯಲ್ಲಿ ಇರುವಂತೆಯೇ ಇರಬೇಕು. ಆಧಾರ್ ಕೇಂದ್ರದಲ್ಲಿ ಅಂಕಪಟ್ಟಿಯನ್ನೇ ಪುರಾವೆಯಾಗಿ ಕೊಟ್ಟು ತಿದ್ದಿಸಿದೆ. ಮೊದಲ ಸಲ ಕೋರಿಕೆ ತಿರಸ್ಕಾರವಾಯಿತು, ಕಾರಣ ಸ್ಪಷ್ಟವಾಗಿ ತಿಳಿಯಲಿಲ್ಲ. ಮತ್ತೆ ಹೋಗಿ, ಮತ್ತೆ ಸರದಿಯಲ್ಲಿ ನಿಂತು, ಕಾದು ಪಡೆದೆ. ಆಧಾರ್‌ನಲ್ಲಿ ಹೆಸರನ್ನು ಜೀವಮಾನದಲ್ಲಿ ಎರಡೇ ಸಲ ಬದಲಿಸಬಹುದು. ಆದ್ದರಿಂದ ಯಾವ ಅಕ್ಷರ ಎಲ್ಲಿ ಬರಬೇಕೆಂದು ಮನೆಯಲ್ಲೇ ಕಾಗದದ ಮೇಲೆ ಬರೆದುಕೊಂಡು ಹೋಗಿ. ಆಧಾರ್ ಸರಿಯಾದ ಮೇಲೆ ಪ್ಯಾನ್, ಬ್ಯಾಂಕ್ ಖಾತೆ ಎಲ್ಲವನ್ನೂ ಅದಕ್ಕೆ ಹೊಂದಿಸಬೇಕು. ಈ ಕೆಲಸವನ್ನು ಓಟದ ಅಭ್ಯಾಸದ ಮೊದಲ ವಾರದಲ್ಲೇ ಹಿಡಿಯಿರಿ.

ವಾಸಸ್ಥಳ ಮತ್ತು ಜಾತಿ ಪ್ರಮಾಣಪತ್ರ ನಾಡಕಚೇರಿಯಿಂದ ಬಂದವು, ತೊಂದರೆಯಾಗಲಿಲ್ಲ. ಅವಿವಾಹಿತ ಪ್ರಮಾಣಪತ್ರಕ್ಕೆ ಅಲೆದಾಡಿದೆ. ಒಂದು ಕಚೇರಿಯವರು ‘ಇದು ನಮ್ಮ ಅಧಿಕಾರದಲ್ಲಿಲ್ಲ’ ಎಂದು ಇನ್ನೊಂದಕ್ಕೆ ಕಳಿಸಿದರು, ಅಲ್ಲಿಯವರು ಮೊದಲಿನ ಕಚೇರಿಗೇ ಕಳಿಸಿದರು. ಅಧಿಸೂಚನೆಯ ಮುದ್ರಿತ ಪ್ರತಿಯನ್ನು ಹಿಡಿದುಕೊಂಡು ಹೋಗಿ, ಯಾರು ಸಹಿ ಮಾಡಬಹುದೆಂಬ ಸಾಲಿಗೆ ಗೆರೆ ಎಳೆದು ತೋರಿಸಿದ ಮೇಲೆ ಕೆಲಸವಾಯಿತು. ಈ ಪತ್ರವೂ ನಡತೆಯ ಪತ್ರವೂ ಆರು ತಿಂಗಳಿಗಿಂತ ಹಳೆಯವಾಗಿರಬಾರದು, ಫೋಟೊ ಅಂಟಿಸಿ ಅದರ ಮೇಲೆ ಮುದ್ರೆ ಬಿದ್ದಿರಬೇಕು. ಅಂದರೆ ಬಹಳ ಬೇಗ ಮಾಡಿಸಿದರೂ ಕಷ್ಟ. ಲಿಖಿತ ಪರೀಕ್ಷೆಯ ಫಲಿತಾಂಶ ಬಂದ ಕೂಡಲೇ ಶುರುಮಾಡುವುದು ಸರಿಯಾದ ಹೊತ್ತು. ಅಫಿಡವಿಟ್‌ನ ನಮೂನೆ ಅಧಿಸೂಚನೆಯ ಕೊನೆಯಲ್ಲಿರುತ್ತದೆ. ಅದರ ಒಂದು ಪದವನ್ನೂ ಬದಲಿಸದೆ ಟೈಪ್ ಮಾಡಿಸಿ ನೋಟರಿ ಮಾಡಿಸಿ.

ಫೋಟೊ ವಿಷಯ ತೂಕ ಇಳಿಸುವವರಿಗೆ ವಿಶೇಷವಾಗಿ ಮುಖ್ಯ. ಇಪ್ಪತ್ತು ಪಾಸ್‌ಪೋರ್ಟ್ ಅಳತೆಯ ಫೋಟೊ ಬೇಕು, ಮೂರು ತಿಂಗಳೊಳಗೆ ತೆಗೆಸಿದ್ದು, ಬಿಳಿ ಹಿನ್ನೆಲೆ, ಕಂಪ್ಯೂಟರಿನಲ್ಲಿ ತಿದ್ದಿರಬಾರದು. ನನ್ನ ಆಧಾರ್‌ನಲ್ಲಿರುವುದು ಉಬ್ಬಿದ ಕೆನ್ನೆಯ ಮುಖ. ಅರ್ಜಿಯೊಂದಿಗೆ ಹಾಕಿದ ಫೋಟೊ ಕೂಡ ಇನ್ನೂ ಎಪ್ಪತ್ತಮೂರು ಕಿಲೋ ಇದ್ದಾಗಿನದು. ರ‍್ಯಾಲಿಯ ಗೇಟಿನಲ್ಲಿ ಜವಾನರೊಬ್ಬರು ಪ್ರವೇಶಪತ್ರವನ್ನೂ ನನ್ನ ಮುಖವನ್ನೂ ಎರಡು ಮೂರು ಸಲ ನೋಡಿ ಪಕ್ಕಕ್ಕೆ ನಿಲ್ಲಿಸಿದರು. ಬೇರೆಯವರ ಪರವಾಗಿ ಓಡಲು ಬಂದಿದ್ದಾನೆಂಬ ಅನುಮಾನ. ಬೆರಳಚ್ಚು ಹೊಂದಿದ ಮೇಲೆ ಒಳಗೆ ಬಿಟ್ಟರು. ಆ ಕೆಲವು ನಿಮಿಷ ನನ್ನ ಬಾಯಿ ಒಣಗಿಹೋಗಿತ್ತು. ನೀವು ಹೆಚ್ಚು ತೂಕ ಇಳಿಸಿದ್ದರೆ ಹಳೆಯ ಕಾಲೇಜು ಗುರುತಿನ ಚೀಟಿ, ಪಿಯುಸಿ ಪ್ರವೇಶಪತ್ರ ಇಂಥವನ್ನೂ ಕಡತದಲ್ಲಿ ಇಟ್ಟುಕೊಂಡು ಹೋಗಿ. ಬೆರಳಿಗೆ ಮೆಹಂದಿ, ಬಣ್ಣ ಏನೂ ಇರದಂತೆ ನೋಡಿಕೊಳ್ಳಿ.

ರ‍್ಯಾಲಿ ನಡೆದದ್ದು ಪಕ್ಕದ ಜಿಲ್ಲೆಯ ಕ್ರೀಡಾಂಗಣದಲ್ಲಿ. ಮಧ್ಯರಾತ್ರಿ ಕಳೆದ ಮೇಲೆ ಒಳಗೆ ಬಿಡಲು ಶುರುಮಾಡಿದರು. ಹೊರಗೆ ರಸ್ತೆಯ ಬದಿಯಲ್ಲಿ ಚಾದರ ಹಾಸಿಕೊಂಡು ಮಲಗಿದ್ದ ನೂರಾರು ಹುಡುಗರು. ಬಹಳ ಮಂದಿಗೆ ನಿದ್ದೆ ಬರಲಿಲ್ಲ. ನಾನು ಹಿಂದಿನ ದಿನ ಮಧ್ಯಾಹ್ನವೇ ಹೋಗಿ, ಅಲ್ಲಿನ ಸಂಬಂಧಿಕರ ಮನೆಯಲ್ಲಿ ಸಂಜೆ ಮಲಗಿ ಎದ್ದೆ. ಅದರಿಂದ ಬಹಳ ಅನುಕೂಲವಾಯಿತು. ಊಟ ಹಗುರಾಗಿರಲಿ. ಬೆಲ್ಲ, ಬಾಳೆಹಣ್ಣು, ನೀರು ಜೊತೆಗಿರಲಿ. ಹೊಸ ಶೂ ಹಾಕಿಕೊಂಡು ಹೋಗಲೇಬೇಡಿ.

ಓಟದ ಗುಂಪು ದೊಡ್ಡದು. ಶುರುವಾದ ಕೂಡಲೇ ಎಲ್ಲರೂ ಮೈಮೇಲೆ ಬೀಳುವಂತೆ ನುಗ್ಗುತ್ತಾರೆ. ನನ್ನ ಪಕ್ಕದಲ್ಲೇ ಇಬ್ಬರು ಬಿದ್ದರು. ಸುಬೇದಾರರು ಮೊದಲ ನೂರು ಮೀಟರ್ ಜೋರಾಗಿ ಓಡಿ ಜಂಗುಳಿಯಿಂದ ಹೊರಗೆ ಬಾ, ಆಮೇಲೆ ನಿನ್ನ ಲಯಕ್ಕೆ ಇಳಿ ಎಂದಿದ್ದರು. ಹಾಗೆಯೇ ಮಾಡಿದೆ. ಮೂರನೆಯ ಸುತ್ತು ಕ್ರೂರ. ಉಸಿರು ಕಿತ್ತುಬರುತ್ತಿತ್ತು, ತೊಡೆ ಕಲ್ಲಾಗಿತ್ತು. ಕೊನೆಯ ಸುತ್ತಿನಲ್ಲಿ ಗೆರೆಯ ಹತ್ತಿರ ಹಗ್ಗ ಹಿಡಿದು ನಿಂತ ಜವಾನರು ಕಂಡರು. ಸಮಯ ಮುಗಿದ ಕೂಡಲೇ ಆ ಹಗ್ಗ ಅಡ್ಡ ಬೀಳುತ್ತದೆ. ನಾನು ದಾಟಿದ್ದು 5:30ರೊಳಗಿನ ಮೊದಲ ಗುಂಪಿನಲ್ಲಲ್ಲ, 5:45ರೊಳಗಿನ ಎರಡನೆಯ ಗುಂಪಿನಲ್ಲಿ. 48 ಅಂಕ. ನನ್ನ ಹಿಂದೆಯೇ ಹಗ್ಗಕ್ಕೆ ಎದೆಯೊಡ್ಡಿ ನಿಂತ ಹುಡುಗನೊಬ್ಬ ಅಲ್ಲಿಯೇ ಕುಸಿದು ಅತ್ತ. ಅವನ ಮುಖ ಇನ್ನೂ ಕಣ್ಣ ಮುಂದಿದೆ.

ಬೀಮ್‌ನಲ್ಲಿ ಹತ್ತೂ ಆದವು. ಹಳ್ಳ, ಸಮತೋಲನ ಆದವು. ಎತ್ತರ ಅಳೆಯುವಾಗ ಹಿಮ್ಮಡಿ, ಬೆನ್ನು, ತಲೆ ನೇರವಾಗಿರಬೇಕು. ಅಂಚಿನಲ್ಲಿರುವವರು ಬೆಳಿಗ್ಗೆ ಬೇಗ ಅಳತೆಯಾಗುವುದೇ ಒಳ್ಳೆಯದು ಎಂದು ನೆನಪಿಡಿ, ದಿನವಿಡೀ ನಿಂತರೆ ಎತ್ತರ ಸ್ವಲ್ಪ ಕುಗ್ಗುತ್ತದೆ. ಎದೆಯ ಹಿಗ್ಗುವಿಕೆ ನನ್ನ ಭಯವಾಗಿತ್ತು. ಶುರುವಿನಲ್ಲಿ 3 ಸೆಂ.ಮೀ. ಕೂಡ ಕಷ್ಟವಿತ್ತು. ತಿಂಗಳುಗಟ್ಟಲೆ ದಿನಾ ಆಳವಾಗಿ ಉಸಿರೆಳೆದು ಹಿಡಿಯುವ ಅಭ್ಯಾಸ ಮಾಡಿದ್ದರಿಂದ 5 ದಾಟಿತು. ತೂಕ 64 ಬಂತು. ಆಮೇಲೆ ಮೊಬೈಲಿನಲ್ಲಿ ಹೊಂದಾಣಿಕೆ ಪರೀಕ್ಷೆ (ಸೇನೆಯ ಬದುಕಿಗೆ ಹೊಂದಿಕೊಳ್ಳುತ್ತೇವೆಯೇ ಎಂದು ನೋಡುವುದು) ಇತ್ತು, ಫೋನಿನಲ್ಲಿ ಚಾರ್ಜ್ ಮತ್ತು ಡೇಟಾ ಇಟ್ಟುಕೊಂಡು ಹೋಗಿ.

ಎಲ್ಲ ಮುಗಿಯಿತು ಎಂದುಕೊಂಡಾಗ ವೈದ್ಯಕೀಯ ಪರೀಕ್ಷೆಯಲ್ಲಿ ತಡೆ ಬಂತು. ಇದನ್ನು ಬರೆಯಲು ಸಂಕೋಚವಿದೆ. ಆದರೂ ಬರೆಯುತ್ತೇನೆ, ಏಕೆಂದರೆ ನನ್ನಂತೆ ತೂಕ ಇಳಿಸಿದ ಅನೇಕರಿಗೆ ಇದು ಎದುರಾಗಬಹುದು. ಅಂಗಿ ಬಿಚ್ಚಿ ನಿಂತಾಗ ವೈದ್ಯರು ನನ್ನ ಎದೆಯನ್ನು ಒತ್ತಿ ನೋಡಿ ಏನೋ ಬರೆದುಕೊಂಡರು. ಗಂಡಸರಲ್ಲಿ ಸ್ತನಗ್ರಂಥಿ ಬೆಳೆಯುವ ಗೈನೆಕೊಮಾಸ್ಟಿಯಾ ಎಂಬ ಸ್ಥಿತಿ ಇದ್ದರೆ ಸೇನೆಯಲ್ಲಿ ಅನರ್ಹತೆ. ನನ್ನ ಎದೆಯಲ್ಲಿ ಹಳೆಯ ಕೊಬ್ಬು ಇನ್ನೂ ಸ್ವಲ್ಪ ಉಳಿದಿತ್ತು. ಕೈಗೆ ಕೊಟ್ಟ ಕಾಗದದಲ್ಲಿ ‘ಅನರ್ಹ’ ಎಂದಿತ್ತು, ಜೊತೆಗೆ ಮಿಲಿಟರಿ ಆಸ್ಪತ್ರೆಯಲ್ಲಿ ತಜ್ಞರ ಮರುಪರೀಕ್ಷೆಗೆ ಅವಕಾಶವಿತ್ತು. ಬಸ್ಸಿನಲ್ಲಿ ಊರಿಗೆ ಬರುವಾಗ ಯಾರ ಜೊತೆಗೂ ಮಾತಾಡಲಿಲ್ಲ. ಶಾಲೆಯಲ್ಲಿ ಇದೇ ಎದೆಯನ್ನು ನೋಡಿ ಹುಡುಗರು ಅಂದ ಮಾತುಗಳೆಲ್ಲ ನೆನಪಾದವು.

ಸುಬೇದಾರರು ಬಿಡಲಿಲ್ಲ. ‘ಕಾಗದದಲ್ಲಿ ದಿನಾಂಕ ಇದೆ, ಅದರೊಳಗೆ ಹೋಗಿ ಹಾಜರಾಗು. ಅಳುವುದಕ್ಕೆ ಆಮೇಲೆ ಸಮಯವಿದೆ’ ಎಂದರು. ಇದು ಎಲ್ಲರಿಗೂ ಅನ್ವಯಿಸುವ ಮಾತು: ಮರುಪರೀಕ್ಷೆಗೆ ಬರಬೇಕಾದ ಗಡುವು ಬಹಳ ಚಿಕ್ಕದು, ಕಾಗದವನ್ನು ಅಲ್ಲಿಯೇ ನಿಂತು ಪೂರ್ತಿ ಓದಿ. ಹೋಗುವ ಮುನ್ನ ನಮ್ಮ ಜಿಲ್ಲಾ ಕೇಂದ್ರದಲ್ಲಿ ಶಸ್ತ್ರಚಿಕಿತ್ಸಕರೊಬ್ಬರಿಗೆ ತೋರಿಸಿ ಸ್ಕ್ಯಾನ್ ಮಾಡಿಸಿದೆ. ಗ್ರಂಥಿ ಬೆಳೆದಿಲ್ಲ, ಇರುವುದು ಬರೀ ಕೊಬ್ಬು ಎಂದು ಬಂತು. ಮಿಲಿಟರಿ ಆಸ್ಪತ್ರೆಯವರು ಹೊರಗಿನ ವರದಿಯನ್ನು ನೆಚ್ಚಿಕೊಳ್ಳದೆ ತಾವೇ ಮತ್ತೆ ಸ್ಕ್ಯಾನ್ ಮಾಡಿದರು. ಆದರೂ ಒಳಗೆ ಹೋಗುವಾಗ ನನ್ನ ಎದೆಯಲ್ಲಿ ಏನಿದೆಯೆಂದು ನನಗೆ ತಿಳಿದಿತ್ತು, ಅದರಿಂದ ಧೈರ್ಯ ಬಂತು. ತಜ್ಞರು ನೋಡಿದರು, ಹೊರಗೆ ಕೂರಿಸಿದರು. ಆ ಬೆಂಚಿನ ಮೇಲೆ ಕಳೆದ ಮಧ್ಯಾಹ್ನ ಇಡೀ ವರ್ಷಕ್ಕಿಂತ ಉದ್ದವಾಗಿತ್ತು. ಕೊನೆಗೆ ‘ಫಿಟ್’ ಎಂದು ಬರೆದುಕೊಟ್ಟರು. ಹೊರಗೆ ಬಂದು ಅಪ್ಪನಿಗೆ ಫೋನ್ ಮಾಡಿದೆ. ಅವರು ‘ಹ್ಞೂಂ, ಊಟ ಮಾಡಿದೆಯಾ?’ ಎಂದರು, ಮುಂದೆ ಅವರಿಗೆ ಮಾತು ಹೊರಡಲಿಲ್ಲ.

ಆದ್ದರಿಂದ ನನ್ನ ಸಲಹೆ: ಬೆವರು ಸುರಿಸುವ ಮೊದಲೇ ಒಮ್ಮೆ ವೈದ್ಯರಿಗೆ ತೋರಿಸಿ. ಎದೆ, ಕಿವಿ, ಹಲ್ಲು, ಕಣ್ಣಿನ ದೃಷ್ಟಿ ಮತ್ತು ಬಣ್ಣ ಗುರುತಿಸುವ ಶಕ್ತಿ, ಮೂಲವ್ಯಾಧಿ, ಹರ್ನಿಯಾ, ವೃಷಣದ ರಕ್ತನಾಳದ ಊತ ಇವನ್ನೆಲ್ಲ ಅಲ್ಲಿ ನೋಡುತ್ತಾರೆ. ಬಣ್ಣ ಗುರುತಿಸಲಾಗದಿದ್ದರೆ ಯಾವ ಅಭ್ಯಾಸವೂ ಕೈಹಿಡಿಯದು, ಅದು ಮೊದಲೇ ತಿಳಿದರೆ ಒಂದು ವರ್ಷ ಉಳಿಯುತ್ತದೆ. ಕಿವಿಯ ಗುಗ್ಗೆಯನ್ನು ವೈದ್ಯರಿಂದಲೇ ತೆಗೆಸಿ. ನಮ್ಮ ಗುಂಪಿನ ಒಬ್ಬನನ್ನು ಅದೊಂದೇ ಕಾರಣಕ್ಕೆ ಮರುಪರೀಕ್ಷೆಗೆ ಕಳಿಸಿದರು. ಒದ್ದೆ ಕಾಲಿನ ಗುರುತು ನೆಲದ ಮೇಲೆ ಮೂಡಿಸಿ ಪಾದ ಚಪ್ಪಟೆಯೇ ಎಂದು ಮನೆಯಲ್ಲೇ ನೋಡಬಹುದು. ಮೊಣಕಾಲು ಜೋಡಿಸಿ ನಿಂತಾಗ ಹರಡುಗಳ ನಡುವೆ 5 ಸೆಂ.ಮೀ.ಗಿಂತ ಹೆಚ್ಚು ಅಂತರ ಇರಬಾರದು. ತೊಡೆ ದಪ್ಪ ಇರುವವರಿಗೆ ಈ ಅಂತರ ಇದ್ದದ್ದಕ್ಕಿಂತ ಹೆಚ್ಚು ಕಾಣಬಹುದು, ನನಗೆ ತೂಕ ಇಳಿದ ಮೇಲೆ ಸರಿಹೋಯಿತು.

ಪಟ್ಟಿಗಾಗಿ ಕಾಯುವ ದಿನಗಳಲ್ಲಿ ಮನೆಯಲ್ಲಿ ಮತ್ತೆ ಹಳೆಯ ಚರ್ಚೆ ಎದ್ದಿತು: ನಾಲ್ಕು ವರ್ಷ ಆದ ಮೇಲೆ ಏನು? ಶೇ 25ರವರೆಗೆ ಮಾತ್ರ ಖಾಯಂ ಆಗುತ್ತಾರೆ, ಉಳಿದವರು ಸುಮಾರು 11.71 ಲಕ್ಷ ರೂಪಾಯಿ ಸೇವಾನಿಧಿಯೊಂದಿಗೆ, ಅಂದರೆ ಸೇವೆ ಮುಗಿದಾಗ ಸಿಗುವ ಇಡುಗಂಟಿನೊಂದಿಗೆ, ಹೊರಬರುತ್ತಾರೆ. ಅಪ್ಪನಿಗೆ ಇದು ಇನ್ನೂ ಪೂರ್ತಿ ಸಮಾಧಾನ ತಂದಿಲ್ಲ. ನನಗೆ ಆ ಶೇ 25ರಲ್ಲಿ ಇರುವ ಛಲವಿದೆ. ಈ ಮಾತನ್ನು ಮನೆಯವರ ಜೊತೆ ಮೊದಲೇ ಬಿಚ್ಚಿ ಮಾತಾಡಿ. ಆಯ್ಕೆಯಾದ ಮೇಲೆ ಮಾತಾಡಿದರೆ ಎಲ್ಲರಿಗೂ ನೋವು.

ವೈದ್ಯಕೀಯ ಪರೀಕ್ಷೆ ಮತ್ತು ತರಬೇತಿಗೆ ಹೊರಡುವ ದಿನದ ನಡುವೆ ತಿಂಗಳುಗಳು ಕಳೆಯುತ್ತವೆ. ನೆಂಟರ ಮನೆಯ ಔತಣ, ಊರಿನ ಸನ್ಮಾನ, ಹೋಳಿಗೆ ಎಲ್ಲವೂ ಈಗಲೇ ಬರುತ್ತವೆ. ನನ್ನ ತೂಕ ಎರಡು ಕಿಲೋ ಏರಿದ್ದನ್ನು ಕಂಡು ಮತ್ತೆ ಮೈದಾನಕ್ಕೆ ಹೋಗುತ್ತಿದ್ದೇನೆ. ಹೊಸ ಹುಡುಗರ ಜೊತೆ ನಿಧಾನವಾಗಿ ಓಡುತ್ತೇನೆ, ಬೀಮ್ ಬಿಟ್ಟಿಲ್ಲ. ಜೊತೆಗೆ ಇನ್ನೊಂದು ಕೆಲಸ ಇಟ್ಟುಕೊಂಡಿದ್ದೇನೆ: ಮೂಲ ದಾಖಲೆಗಳೆಲ್ಲ ನನ್ನ ಜೊತೆ ಬರುವುದರಿಂದ ಪ್ರತಿಯೊಂದನ್ನೂ ಸ್ಕ್ಯಾನ್ ಮಾಡಿ, ಎರಡು ಜೊತೆ ನಕಲು ಮಾಡಿಸಿ, ಒಂದನ್ನು ಅಪ್ಪನ ಟ್ರಂಕಿನಲ್ಲಿ ಇಟ್ಟಿದ್ದೇನೆ. ತಂಗಿಯ ವಿದ್ಯಾರ್ಥಿವೇತನಕ್ಕೋ ಪಡಿತರ ಚೀಟಿಗೋ ನನ್ನ ಆಧಾರ್ ಕೇಳಿದರೆ ಮನೆಯವರು ತರಬೇತಿ ಕೇಂದ್ರಕ್ಕೆ ಫೋನ್ ಮಾಡುವಂತಾಗಬಾರದು. ನೀವೂ ಹೊರಡುವ ವಾರಕ್ಕೆ ಇದನ್ನು ಉಳಿಸಿಕೊಳ್ಳಬೇಡಿ, ಆ ವಾರ ಮನೆ ತುಂಬ ಜನ ಇರುತ್ತಾರೆ.